ಮೊದಲ ಪುಟ್ಟಿ ಮಣ್ಣಿಗೂ ಮುಂಚೆ



ಸೊರಬ ತಾಲ್ಲೂಕಿನ ಒಂದು ಸಣ್ಣ ಕೆರೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇವತ್ತಿಗೂ ನೋಯುವವರಿದ್ದಾರೆ. ಒಂದು ಬೇಸಿಗೆ, ಏಪ್ರಿಲ್ ಕೊನೆಯಿಂದ ಐದು ವಾರ, ಆ ಕೆರೆಯ ಅಂಗಳದಲ್ಲಿ ಹೂಳೆತ್ತುವ ಕೆಲಸ ನಡೆದಿತ್ತು. ಕೆಲಸಕ್ಕೆ ಬಂದವರಲ್ಲಿ ಹೆಂಗಸರೇ ಹೆಚ್ಚು. ಬೆಳಿಗ್ಗೆ ಏಳಕ್ಕೇ ಬಂದು, ನೆತ್ತಿ ಸುಡುವ ಹೊತ್ತಿಗೆ ಅವತ್ತಿನ ಪಾಲು ಮುಗಿಸಿ ಏರಿ ಮೇಲಿನ ಹುಣಸೆ ಮರದಡಿ ಬುತ್ತಿ ಬಿಚ್ಚುತ್ತಿದ್ದರು. ಕೂಲಿ ದಿನದ ಲೆಕ್ಕವಾದರೂ, ಕೊನೆಗೆ ಕೈಗೆ ಬರುವ ದುಡ್ಡು ಅಗೆದ ಮಣ್ಣಿನ ಅಳತೆಯ ಮೇಲೆ ನಿಂತಿತ್ತು. ಅಳತೆ ಹಿಡಿಯಬೇಕಾದವನು ನಾನು.

ಕೆರೆ ಅಗೆದವರಿಗೆ ಗೊತ್ತಿರುತ್ತದೆ, ಅಂಗಳದಲ್ಲಿ ಅಲ್ಲಲ್ಲಿ ಒಂದೊಂದು ಮಣ್ಣಿನ ಗುಡ್ಡೆಯನ್ನು ಮುಟ್ಟದೆ ಬಿಡುತ್ತಾರೆ. ಆ ಗುಡ್ಡೆಯ ನೆತ್ತಿಯೇ ಹಳೆಯ ನೆಲದ ಮಟ್ಟ. ಅಳೆಯುವವನು ನೆತ್ತಿಯಿಂದ ಗುಂಡಿಯ ತಳಕ್ಕೆ ಕೋಲು ಹಿಡಿದು ಆಳ ಬರೆದುಕೊಳ್ಳುತ್ತಾನೆ. ಉದ್ದ, ಅಗಲಕ್ಕೆ ಟೇಪು. ಮೂರನ್ನೂ ಗುಣಿಸಿದರೆ ಇಷ್ಟು ಘನ ಮೀಟರ್ ಎಂದು ಅಳತೆ ಪುಸ್ತಕಕ್ಕೆ ಏರುತ್ತದೆ. ಆ ಪುಸ್ತಕವನ್ನು ನಮ್ಮ ಕಡೆ ಎಲ್ಲರೂ ಎಂ.ಬಿ. ಎಂದೇ ಕರೆಯುತ್ತಾರೆ.

ಆ ವರ್ಷ ನಾನು ಕೊನೆಯ ಅಳತೆಗೆ ಹೋಗುವುದು ನಾಲ್ಕು ದಿನ ತಡವಾಯಿತು. ಬೇರೆ ಕಡೆ ಕೆಲಸವಿತ್ತು. ಆ ನಾಲ್ಕು ದಿನದಲ್ಲೇ ಮಳೆ ಹಿಡಿಯಿತು. ಹೋಗಿ ನೋಡಿದರೆ ಅಂಗಳದಲ್ಲಿ ಸೊಂಟದ ಮಟ್ಟ ಕೆಂಪು ನೀರು. ಗುಡ್ಡೆಗಳು ಕರಗಿ ಎಲ್ಲಿದ್ದವೆಂಬುದೇ ಕಾಣದು. ಹೊರಗೆ ಹಾಕಿದ ಮಣ್ಣನ್ನು ರೈತರು ಆಗಲೇ ಗದ್ದೆಗೆ, ತೋಟಕ್ಕೆ ಹೊಡೆದುಕೊಂಡಿದ್ದರು. ಅಗೆದದ್ದು ಉಂಟು, ತೋರಿಸಲು ಏನೂ ಇಲ್ಲ. ನಡುವೆ ಒಮ್ಮೆ ಹಿಡಿದಿದ್ದ ಅಳತೆಯಷ್ಟೇ ಬಿಲ್ಲಿಗೆ ಹೋಯಿತು. ಕೊನೆಯ ಹತ್ತು ಹನ್ನೆರಡು ದಿನದ ದುಡಿಮೆ ನೀರಿನಡಿಯಲ್ಲೇ ಉಳಿಯಿತು. ಒಬ್ಬ ಹಿರಿಯ ಹೆಂಗಸು ಬಂದು ಎರಡೂ ಅಂಗೈ ನನ್ನ ಮುಂದೆ ಚಾಚಿದರು. ಬೊಬ್ಬೆ ಒಡೆದು ಗಟ್ಟಿಯಾದ ಅಂಗೈ. "ಇದನ್ನ ಅಳೀರಿ" ಎಂದರು. ಬೇರೆ ಏನೂ ಹೇಳಲಿಲ್ಲ.

ನಾನು ನಿವೃತ್ತನಾಗಿ ವರ್ಷಗಳಾದವು. ಕಟ್ಟಡ, ಕೆರೆ, ರಸ್ತೆ ಕಾಮಗಾರಿಗಳ ಉಸ್ತುವಾರಿಗೆ ಡ್ರೋನ್ ಬಳಸುವ ವಿಷಯ ಮಾತನಾಡಿ ಎಂದು ಆಕಾಶವಾಣಿಯವರು ಕೇಳಿದಾಗ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಆ ಎರಡು ಅಂಗೈಗಳು.

ಡ್ರೋನ್ ನಮಗೆ ಹೊಸದಲ್ಲ. ಮದುವೆ ಮನೆಯ ಚಪ್ಪರದ ಮೇಲೆ ಹಾರುತ್ತದೆ, ತೇರಿನ ದಿನ ಹಾರುತ್ತದೆ. ಜೋಳದ ಹೊಲಕ್ಕೆ ಔಷಧಿ ಹೊಡೆಯಲೂ ಬರುತ್ತದೆ. ಪಕ್ಕದ ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಎದ್ದಿತಲ್ಲ, 2025ರ ಜುಲೈ 14ರಂದು ಅದು ಸಂಚಾರಕ್ಕೆ ತೆರೆಯುವ ಎಷ್ಟೋ ಮೊದಲೇ ನಾವೆಲ್ಲ ಅದರ ಕಂಬ, ತಂತಿಗಳನ್ನು ಮೊಬೈಲಿನಲ್ಲಿ ಓಡಾಡಿದ ಡ್ರೋನ್ ವಿಡಿಯೋಗಳಲ್ಲಿ ನೋಡಿದ್ದೆವು. ದಾಟಲು ಲಾಂಚಿಗಾಗಿ ಕಾದು ಕಾದು ಬೇಸತ್ತ ಹಿನ್ನೀರಿನಾಚೆಯ ಜನಕ್ಕೆ ಕೆಲಸ ಎಲ್ಲಿಗೆ ಬಂತು ಎಂದು ಕಾಣುವುದೇ ಒಂದು ಸಮಾಧಾನವಾಗಿತ್ತು. ಆದರೆ ನೋಡುವುದು ಬೇರೆ, ಅಳೆಯುವುದು ಬೇರೆ. ಕಾಮಗಾರಿಗೆ ಬೇಕಾದ ಡ್ರೋನ್ ಚಂದದ ವಿಡಿಯೋ ತೆಗೆಯುವುದಿಲ್ಲ. ಗದ್ದೆ ಉಳುವ ಎತ್ತಿನ ಹಾಗೆ ಸಾಲು ಹಿಡಿದು ಹೋಗಿ, ತಿರುಗಿ, ಪಕ್ಕದ ಸಾಲಿಗೆ ಬರುತ್ತದೆ. ಹೋಗುತ್ತಾ ನೂರಾರು ಫೋಟೋ ತೆಗೆಯುತ್ತದೆ. ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನ ಫೋಟೋದಲ್ಲೂ ಇರಬೇಕು, ಪಕ್ಕದ ಸಾಲಿನ ಫೋಟೋ ಜೊತೆಗೂ ಅರ್ಧಕ್ಕಿಂತ ಹೆಚ್ಚು ಸೇರಬೇಕು. ಒಂದೇ ಕಲ್ಲನ್ನು ಹತ್ತಾರು ಕಡೆಯಿಂದ ನೋಡಿದ ಮೇಲೆ ಅದು ಎಷ್ಟು ಎತ್ತರದಲ್ಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ನಮ್ಮ ಎರಡು ಕಣ್ಣು ಸೇರಿ ದೂರವನ್ನು ಅಳೆಯುವುದೂ ಹೀಗೆಯೇ. ಅರವತ್ತು, ಎಪ್ಪತ್ತು ಮೀಟರ್ ಎತ್ತರದಿಂದ ತೆಗೆದ ಚಿತ್ರದಲ್ಲಿ ಒಂದು ಚುಕ್ಕೆ ನೆಲದ ಮೇಲೆ ಸುಮಾರು ಎರಡು ಸೆಂಟಿಮೀಟರ್. ಐದೆಕರೆ ಕೆರೆ ಅಂಗಳಕ್ಕೆ ಕಾಲು ಗಂಟೆಯ ಹಾರಾಟ ಸಾಕು. ಹಿಂದೆ ಅದೇ ಅಂಗಳಕ್ಕೆ ಮಟ್ಟ ನೋಡುವ ಡಂಪಿ ಲೆವೆಲ್ ಇಟ್ಟು, ಅಳತೆಕೋಲು ಹಿಡಿಯಲು ಒಬ್ಬನನ್ನು ಓಡಾಡಿಸಿ, ನಾವು ಎರಡು ದಿನ ಬಿಸಿಲಲ್ಲಿ ನಿಂತು ಇನ್ನೂರು ಬಿಂದು ತೆಗೆದರೆ ದೊಡ್ಡದು. ಈ ಯಂತ್ರ ಲಕ್ಷಗಟ್ಟಲೆ ಬಿಂದು ಕೊಡುತ್ತದೆ.

ಕೆಲಸಕ್ಕೆ ಮೊದಲು ಒಂದು ಹಾರಾಟ, ಮುಗಿದ ಮೇಲೆ ಇನ್ನೊಂದು. ಮೊದಲಿನ ನೆಲದಿಂದ ಆಮೇಲಿನ ನೆಲವನ್ನು ಕಳೆದರೆ ಉಳಿಯುವುದೇ ಅಗೆದ ಮಣ್ಣು. ಗುಡ್ಡೆ ಬಿಡಬೇಕಾಗಿಲ್ಲ, ಕರಗುವ ಭಯವೂ ಇಲ್ಲ. ಆದರೆ ಮೊದಲಿನ ಹಾರಾಟ ಆಗದಿದ್ದರೆ ಎರಡನೆಯದಕ್ಕೆ ಬೆಲೆಯೇ ಇಲ್ಲ. ಇವತ್ತು ನಾನು ಒತ್ತಿ ಹೇಳಬೇಕೆಂದು ಬಂದಿರುವುದು ಇದನ್ನೇ. ಯಾವ ಊರಿನ ಕೆರೆಯಾಗಲಿ, ಮೊದಲ ಪುಟ್ಟಿ ಮಣ್ಣು ಏಳುವ ಮುಂಚೆ ಆ ನೆಲದ ಚಿತ್ರ ಆಗಿರಬೇಕು. ಕೆಲಸ ಅರ್ಧವಾದ ಮೇಲೆ, ಗಲಾಟೆ ಎದ್ದ ಮೇಲೆ, ದೂರು ಹೋದ ಮೇಲೆ ಡ್ರೋನ್ ತಂದು ಹಾರಿಸಿದರೆ ಅದು ಗುಂಡಿಯನ್ನು ತೋರಿಸೀತೇ ಹೊರತು ಗುಂಡಿ ಆಗುವ ಮುಂಚೆ ಅಲ್ಲಿ ಏನಿತ್ತೆಂದು ಹೇಳಲಾರದು.

ಇದು ನಾನೊಬ್ಬ ಕಂಡುಕೊಂಡ ವಿಚಾರವಲ್ಲ. ಉದ್ಯೋಗ ಖಾತರಿ ಕಾಮಗಾರಿಗಳಿಗೆ ಮೊದಲು, ನಡುವೆ, ಕೊನೆಗೆ ಎಂದು ಮೂರು ಹಂತದಲ್ಲಿ ಸ್ಥಳದ ಗುರುತಿನೊಡನೆ ಫೋಟೋ ತೆಗೆಯಬೇಕೆಂಬ ಪದ್ಧತಿ 2017ರ ನವೆಂಬರಿನಲ್ಲಿ ಬಂತು. ಅದು ಒಳ್ಳೆಯದೇ. ಆದರೆ ಏರಿ ಮೇಲೆ ನಿಂತು ಮೊಬೈಲಿನಲ್ಲಿ ಹೊಡೆದ ಫೋಟೋದಲ್ಲಿ ಕೆರೆ ಕಾಣುತ್ತದೆ, ಆಳ ಕಾಣುವುದಿಲ್ಲ. 2023ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಈ ಕಾಮಗಾರಿಗಳಿಗೆ ಡ್ರೋನ್ ಬಳಸುವ ಕ್ರಮವನ್ನೇ ಬರೆದು ಕಳಿಸಿತು. ನಡೆಯುತ್ತಿರುವ ಕೆಲಸ ನೋಡಲು, ಮುಗಿದದ್ದನ್ನು ಪರೀಕ್ಷಿಸಲು, ಅದರಿಂದ ಏನು ಫಲವಾಯಿತೆಂದು ತಿಳಿಯಲು, ದೂರು ಬಂದಾಗ ವಿಶೇಷವಾಗಿ ತಪಾಸಣೆ ಮಾಡಲು ಎಂದು ನಾಲ್ಕು ಉಪಯೋಗ ಹೇಳಿತು. ಓದಿದಾಗ ನನಗೆ ಅನ್ನಿಸಿದ್ದು, ನಾಲ್ಕಕ್ಕೂ ಮುಂಚಿನ ಇನ್ನೊಂದು ಬೇಕು. ಕೆಲಸ ಶುರುವಾಗುವ ಮುನ್ನಾ ದಿನದ ಹಾರಾಟ.

ನಮ್ಮ ನೆಲಕ್ಕೆ ಅಳತೆಯ ದೊಡ್ಡ ಪರಂಪರೆ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದವರು ಗಂಡಭೇರುಂಡದ ಎತ್ತರದ ಕಂಬ ನೋಡಿರುತ್ತೀರಿ. ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ ಕಂಬ ಅದು. ಆ ಭಾಗದ ಶಾಸನಗಳಲ್ಲಿ ದಾನದ ಭೂಮಿ ಅಳೆಯುವಾಗ ಭೇರುಂಡ ಗಳೆ ಎಂಬ ಅಳತೆಗೋಲಿನ ಹೆಸರು ಬರುತ್ತದೆ. ಆ ಭೇರುಂಡದ ಹೆಸರಿನಲ್ಲೇ ಒಂದು ಕೋಲು. ಕೊಡುವವನೂ ಅದರಲ್ಲೇ ಅಳೆಯಬೇಕು, ಪಡೆಯುವವನೂ ಅದರಲ್ಲೇ ನಂಬಬೇಕು. 

ಅಲ್ಲಿಂದ ಸ್ವಲ್ಪ ದೂರದ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲುಕಂಬದ ಮೇಲೆ ಕದಂಬರ ಕಥೆ ಇದೆ. ಮಯೂರಶರ್ಮ ಕಂಚಿಗೆ ಹೋದದ್ದು, ಅಲ್ಲಿ ಆದ ಅವಮಾನ, ರಾಜ್ಯ ಕಟ್ಟಿದ್ದು ಎಲ್ಲ ನಮ್ಮ ಮಕ್ಕಳ ಪಾಠದಲ್ಲಿ ಬರುತ್ತದೆ. ಪಾಠದಲ್ಲಿ ಅಷ್ಟಾಗಿ ಬಾರದ ಮಾತೊಂದಿದೆ: ಆ ಶಾಸನ ಹುಟ್ಟಿದ್ದೇ ಒಂದು ಕೆರೆಯ ಸಲುವಾಗಿ. ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ. ಆತನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದ ನಡುಭಾಗದಲ್ಲಿ, ಕುಬ್ಜನೆಂಬ ಕವಿ ಅದನ್ನು ಸಂಸ್ಕೃತ ಕಾವ್ಯವಾಗಿ ಕಲ್ಲಿಗಿಳಿಸಿದ. ನಾನು ನೀರಾವರಿಯವನಾದ್ದರಿಂದ ಆ ಕಂಬದ ಮುಂದೆ ನಿಂತಾಗಲೆಲ್ಲ ಅದನ್ನು ಕಾಮಗಾರಿಯ ದಾಖಲೆ ಎಂದೇ ನೋಡುತ್ತೇನೆ. ದಾಖಲೆ ಅರಮನೆಯ ಪೆಟ್ಟಿಗೆಯಲ್ಲಿ ಕೂರಲಿಲ್ಲ, ಕೆರೆಯಿದ್ದ ಊರಿನಲ್ಲೇ, ಹೋಗಿಬರುವವರ ಕಣ್ಣೆದುರು ನಿಂತಿತು. ಡ್ರೋನಿನ ಚಿತ್ರಗಳ ವಿಷಯಕ್ಕೆ ಬಂದಾಗ ಈ ಮಾತಿಗೆ ಮತ್ತೆ ಬರುತ್ತೇನೆ.

ಯಂತ್ರ ತಪ್ಪು ಮಾಡುವುದಿಲ್ಲ ಎಂಬ ಭಾವನೆ ಬೇಡ. ಒಂದು ಲೆಕ್ಕ ಹೇಳುತ್ತೇನೆ, ಮನಸ್ಸಿನಲ್ಲೇ ಹಾಕಿ ನೋಡಿ. ಐದು ಎಕರೆ ಎಂದರೆ ಸುಮಾರು ಇಪ್ಪತ್ತು ಸಾವಿರ ಚದರ ಮೀಟರ್. ಡ್ರೋನಿನ ಲೆಕ್ಕದಲ್ಲಿ ನೆಲದ ಮಟ್ಟ ಎಲ್ಲ ಕಡೆ ಬರೀ ಐದು ಸೆಂಟಿಮೀಟರ್, ಎಂದರೆ ಎರಡು ಇಂಚು, ಮೇಲೋ ಕೆಳಗೋ ಆಯಿತೆನ್ನಿ. ಇಪ್ಪತ್ತು ಸಾವಿರವನ್ನು ಐದು ಸೆಂಟಿಮೀಟರಿನಿಂದ ಗುಣಿಸಿದರೆ ಸಾವಿರ ಘನ ಮೀಟರ್. ಟ್ರ್ಯಾಕ್ಟರ್ ಟ್ರೇಲರಿಗೆ ಮೂರು ಘನ ಮೀಟರ್ ಹಿಡಿದರೂ ಮುನ್ನೂರಕ್ಕೂ ಹೆಚ್ಚು ಲೋಡು ಮಣ್ಣು. ಎರಡು ಇಂಚಿನ ತಪ್ಪಿನಲ್ಲಿ ಮುನ್ನೂರು ಲೋಡು ಹುಟ್ಟುತ್ತದೆ, ಇಲ್ಲವೇ ಮಾಯವಾಗುತ್ತದೆ. ಹುಟ್ಟಿದರೆ ಗುತ್ತಿಗೆದಾರನಿಗೆ, ಮಾಯವಾದರೆ ಕೂಲಿಯವರ ತಲೆಗೆ.

ಹಾಗಾಗದಂತೆ ಮಾಡಲು ನೆಲದ ಮೇಲೆ ಗುರುತು ಬೇಕು. ಹಾರಿಸುವ ಮುಂಚೆ ಅಂಗಳದ ನಾಲ್ಕು ಮೂಲೆಗೆ, ನಡುವೆ ಒಂದೆರಡು ಕಡೆ, ಸುಣ್ಣದಲ್ಲಿ ದೊಡ್ಡ ಕೂಡುಗೆರೆ ಹಾಕಬೇಕು. ಆ ಗೆರೆಗಳು ಸೇರುವ ಬಿಂದುವಿನ ಸ್ಥಾನ, ಎತ್ತರ ಎರಡನ್ನೂ ನೆಲದ ಉಪಕರಣದಿಂದ ನಿಖರವಾಗಿ ತೆಗೆದಿಡಬೇಕು. ಅದರಲ್ಲಿ ಒಂದಾದರೂ ಕೆರೆ ಕೆಲಸದಿಂದ ಅಲುಗದ ಜಾಗದಲ್ಲಿರಲಿ. ತೂಬಿನ ಕಲ್ಲು, ಕೋಡಿಯ ಕಟ್ಟೆ, ದೇವಸ್ಥಾನದ ಮೆಟ್ಟಿಲು ಯಾವುದಾದರೂ ಆದೀತು. ಎರಡು ಹಾರಾಟಕ್ಕೂ ಅದೇ ಆಧಾರ. ಇದೊಂದನ್ನು ಮಾಡದೆ ಕೊಟ್ಟ ಡ್ರೋನ್ ಲೆಕ್ಕವನ್ನು ಒಪ್ಪಬೇಡಿ ಎಂದು ನಾನು ಇವತ್ತು ಎಲ್ಲ ಗ್ರಾಮ ಪಂಚಾಯಿತಿ ಸದಸ್ಯರನ್ನೂ ಕೇಳಿಕೊಳ್ಳುತ್ತೇನೆ. ಬಣ್ಣಬಣ್ಣದ ನಕ್ಷೆ ತೋರಿಸಿದರೆ ಸಾಲದು. ಸುಣ್ಣದ ಗುರುತು ಎಲ್ಲಿ ಹಾಕಿದ್ದಿರಿ, ಆಧಾರದ ಕಲ್ಲು ಯಾವುದು ಎಂದು ಕೇಳಿ.

ಸುಣ್ಣದ ಗುರುತು ನಮ್ಮ ಹಳ್ಳಿಗಳಿಗೆ ಗೊತ್ತಿರುವುದೇ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಊರ ಮನೆಗಳನ್ನು ಡ್ರೋನಿನಲ್ಲಿ ಅಳೆದರಲ್ಲ, ಅದರಲ್ಲಿ ಮೊದಲ ಹಂತಕ್ಕೆ ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಭಾರತೀಯ ಸರ್ವೇಕ್ಷಣಾ ಇಲಾಖೆಯವರು ಹಾರಿಸುವ ಮೊದಲು ಮನೆಮನೆಯವರು ತಮ್ಮ ಜಾಗದ ಸುತ್ತ ಸುಣ್ಣದ ಗೆರೆ ಎಳೆಯುವ ಕ್ರಮವಿತ್ತು. ಅಕ್ಕಪಕ್ಕದವರು ನಿಂತು, ಮಾತಾಡಿ, ಕೆಲವೊಮ್ಮೆ ಜಗಳವಾಡಿ ಒಪ್ಪಿದ ಗೆರೆಯನ್ನು ಮೇಲಿನಿಂದ ಕ್ಯಾಮೆರಾ ಹಿಡಿಯುತ್ತದೆ. ಆ ಗೆರೆ ನೆಲದ ಮೇಲೆ ಜನ ಎಳೆದದ್ದು. ಡ್ರೋನ್ ಬರೀ ಅದಕ್ಕೆ ಸಾಕ್ಷಿ.

ಮಣ್ಣಿನ ಬಗ್ಗೆ ಇನ್ನೊಂದು ಮಾತು, ಇದರಿಂದ ಎಷ್ಟೋ ಜಗಳ ಹುಟ್ಟಿದೆ. ಅಗೆದ ಮಣ್ಣು ಉಬ್ಬುತ್ತದೆ. ಗುಂಡಿಯಲ್ಲಿ ನೂರು ಘನ ಮೀಟರ್ ಇದ್ದದ್ದು ಟ್ರೇಲರಿನಲ್ಲಿ ನೂರಿಪ್ಪತ್ತು, ನೂರಿಪ್ಪತ್ತೈದು ಆಗುತ್ತದೆ. ಲೋಡು ಎಣಿಸಿದವನ ಲೆಕ್ಕವೂ ಗುಂಡಿ ಅಳೆದವನ ಲೆಕ್ಕವೂ ಎಂದೂ ಕೂಡಿ ಬರುವುದಿಲ್ಲ. ಇಬ್ಬರೂ ಪ್ರಾಮಾಣಿಕರೇ ಆಗಿರಬಹುದು, ಆದರೂ ಒಬ್ಬನನ್ನು ಕಳ್ಳ ಅಂದುಬಿಡುತ್ತೇವೆ. ಕೆಲಸಕ್ಕೆ ಮೊದಲೇ ಯಾವುದನ್ನು ಅಳೆಯುವುದು, ಗುಂಡಿಯನ್ನೋ ರಾಶಿಯನ್ನೋ ಎಂದು ಮಾತಾಗಿರಬೇಕು. ಡ್ರೋನ್ ಎರಡನ್ನೂ ಅಳೆಯಬಲ್ಲದು, ಹಾಗಾಗಿ ಒಂದನ್ನು ಇನ್ನೊಂದರ ಎದುರಿಗಿಟ್ಟು ನೋಡಬಹುದು.

ಸಮಯದ ಮಾತು. ಕ್ಯಾಮೆರಾಕ್ಕೆ ಕಾಣುವುದು ಮೇಲ್ಮೈ ಮಾತ್ರ. ಅಂಗಳದಲ್ಲಿ ನೀರಿದ್ದರೆ ನೀರಿನ ಮೇಲ್ಮೈ, ಜೊಂಡು ಬೆಳೆದಿದ್ದರೆ ಜೊಂಡಿನ ತಲೆ. ಆಳೆತ್ತರ ಜೊಂಡು ನಿಂತ ಕೆರೆಯನ್ನು ಮೊದಲ ಹಾರಾಟದಲ್ಲಿ ಹಿಡಿದು, ಆಮೇಲೆ ಜೊಂಡು ಕಿತ್ತು ಎರಡನೇ ಹಾರಾಟ ಮಾಡಿದರೆ, ಒಂದು ಪುಟ್ಟಿಯೂ ಅಗೆಯದೆ ಆಳೆತ್ತರ ಮಣ್ಣು ತೆಗೆದ ಲೆಕ್ಕ ಬಂದುಬಿಡುತ್ತದೆ. ಗಿಡದ ಸಂದಿಯಲ್ಲಿ ಬೆಳಕಿನ ಕಿರಣ ಬಿಟ್ಟು ನೆಲ ಹುಡುಕುವ ಲೈಡಾರ್ ಎಂಬ ಉಪಕರಣವಿದೆ, ಆದರೆ ದುಬಾರಿ. ನಮಗೆ ಬೇಸಿಗೆಯೇ ಸರಿ. ಅಂಗಳ ಒಣಗಿ, ಕಳೆ ಸವರಿ, ಮಾರ್ಚ್ ಏಪ್ರಿಲಿನಲ್ಲಿ ಮೊದಲ ಹಾರಾಟ. ಕೆಲಸ ಮುಗಿದ ದಿನವೇ, ಸಾಧ್ಯವಾದರೆ ವಾರಕ್ಕೊಮ್ಮೆ, ಮುಂದಿನದು. ವಾರಕ್ಕೊಮ್ಮೆ ಆಗಿದ್ದಿದ್ದರೆ ನಾನು ಹೇಳಿದ ಆ ಊರಿನವರ ಕೊನೆಯ ದಿನಗಳ ದುಡಿಮೆ ನೀರಿನಡಿ ಹೋಗುತ್ತಿರಲಿಲ್ಲ. ಕಾಲು ಗಂಟೆಯ ಕೆಲಸ ಅದು.

ಹಾರಿಸಬಾರದ ಜಾಗವೂ ಒಂದಿದೆ. ಸೊರಬದ ಗುಡವಿ ಪಕ್ಷಿಧಾಮದ ಹತ್ತಿರ ಯಾರೂ ಡ್ರೋನ್ ಹಾರಿಸಬೇಡಿ. ಮಳೆಗಾಲದಲ್ಲಿ ಅಲ್ಲಿನ ಕೆರೆಯ ಮರಗಳಲ್ಲಿ ಬಿಳಿ ಕೆಂಬರಲು, ಹಾವಕ್ಕಿ, ಬಕಗಳು ಗೂಡು ಕಟ್ಟಿರುತ್ತವೆ. ಡ್ರೋನಿನ ಸದ್ದಿಗೆ ತಾಯಿ ಹಕ್ಕಿ ಗೂಡು ಬಿಟ್ಟೆದ್ದರೆ ಮರಿಗಳ ಗತಿ ಏನು? ಪಕ್ಷಿಧಾಮವೆಂದು ಕಾನೂನು ತಡೆಯುತ್ತದೆ, ಸರಿ. ತಡೆಯದಿದ್ದರೂ ನಾವು ಮಾಡಬಾರದು.

ಕೆರೆ ಒಂದೇ ಅಲ್ಲ. ಈಗ ನಮ್ಮ ಸೊರಬ, ಶಿಕಾರಿಪುರ ತಾಲ್ಲೂಕುಗಳಲ್ಲಿ ನೆಲ ಅಗೆಯುವ, ಏರಿಸುವ ಕೆಲಸ ಬಹಳ ನಡೆದಿದೆ. ತುಂಗಭದ್ರೆಯಿಂದ ನೀರೆತ್ತಿ ಶಿಕಾರಿಪುರದ ಕೆರೆಗಳನ್ನು ತುಂಬಿಸುವ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಇದೆ. ಸೊರಬದಲ್ಲಿ ವರದೆಯ ನೀರೆತ್ತುವ ಮೂಡಿ, ಮೂಗೂರು ಯೋಜನೆಗಳಿವೆ. ಇವುಗಳ ಜೀವ ಪೈಪಿನಲ್ಲಿದೆ, ಪೈಪು ನೆಲದಡಿ. ಕಂದಕ ಮುಚ್ಚಿದ ಮೇಲೆ ಯಾವ ದೊಡ್ಡ ಇಂಜಿನಿಯರ್ ಬಂದರೂ ಕಾಣುವುದು ಗದ್ದೆಯೇ. ಪೈಪು ಎಷ್ಟು ಆಳದಲ್ಲಿದೆ, ಕೆಳಗೆ ಮರಳು ಹಾಸಿದ್ದರೇ, ಜೋಡಣೆ ಸರಿಯಿತ್ತೇ ಎಂಬುದು ಆ ಎರಡು ಮೂರು ದಿನ, ಕಂದಕ ಬಾಯಿ ತೆರೆದಿರುವಾಗ ಮಾತ್ರ ಗೊತ್ತಾಗುವ ಸಂಗತಿ. ಮುಚ್ಚುವ ಮುಂಚೆ ಸಾಲು ಹಿಡಿದು ಒಂದು ಹಾರಾಟ ಮಾಡಿಟ್ಟರೆ ಹತ್ತು ವರ್ಷದ ನಂತರ ಯಾರದೋ ತೋಟದಲ್ಲಿ ಪೈಪು ಒಡೆದಾಗ ಎಲ್ಲಿ ಅಗೆಯಬೇಕು ಎಂದು ಹುಡುಕಾಡಬೇಕಿಲ್ಲ. ಅಡಿಕೆ ಮರದ ಬುಡ ಬಗೆಯದೆ ಕೆಲಸವಾಗುತ್ತದೆ.

ಶಿವಮೊಗ್ಗದಿಂದ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೊಸ ರೈಲು ಮಾರ್ಗ ಬರುತ್ತಿದೆ. ರೈಲ್ವೆ ಸಚಿವಾಲಯ ಕಾಮಗಾರಿ ಉಸ್ತುವಾರಿಗೆ, ಹಳಿ ತಪಾಸಣೆಗೆ ಡ್ರೋನ್ ಕ್ಯಾಮೆರಾ ಬಳಸುತ್ತೇವೆಂದು 2018ರ ಜನವರಿಯಲ್ಲೇ ಹೇಳಿದೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ತನ್ನ ರಸ್ತೆಗಳಿಗೆ ತಿಂಗಳಿಗೊಮ್ಮೆ ಡ್ರೋನ್ ಚಿತ್ರೀಕರಣವನ್ನು 2021ರಲ್ಲಿ ಕಡ್ಡಾಯ ಮಾಡಿತು. ಉಸ್ತುವಾರಿ ಸಲಹೆಗಾರರ ತಂಡದ ಮುಖ್ಯಸ್ಥರ ಎದುರಿನಲ್ಲಿ ತೆಗೆಯಬೇಕು, ಹೋದ ತಿಂಗಳ ಮತ್ತು ಈ ತಿಂಗಳ ಚಿತ್ರ ಹೋಲಿಸಿ ಜಾಲತಾಣಕ್ಕೆ ಏರಿಸಬೇಕು. ದೊಡ್ಡ ಕೆಲಸಗಳಿಗೆ ಕ್ರಮ ಬಂದಿದೆ ಎಂದಾಯಿತು. ನಮ್ಮ ನಾಡಿಗೆ ಇದರಲ್ಲಿ ಒಂದು ವಿಶೇಷ ಕಾಳಜಿ ಬೇಕು. ಇದು ಕೆರೆಗಳ ಸೀಮೆ. ಒಂದು ಕೆರೆಯ ಕೋಡಿ ನೀರು ಇನ್ನೊಂದು ಕೆರೆಗೆ, ಅಲ್ಲಿಂದ ಮತ್ತೊಂದಕ್ಕೆ, ಕೊನೆಗೆ ಕುಮುದ್ವತಿಗೋ ದಂಡಾವತಿಗೋ ವರದೆಗೋ. ಅಡ್ಡಲಾಗಿ ರೈಲಿನ ದಿಬ್ಬವೋ ರಸ್ತೆಯ ಏರೋ ಎದ್ದರೆ ಮೋರಿ ಬಿಟ್ಟ ಜಾಗ ಹತ್ತು ಮಾರು ಆಚೀಚೆ ಆದರೂ ಸಾಕು, ಒಂದು ಕಡೆ ಗದ್ದೆ ಮುಳುಗುತ್ತದೆ, ಇನ್ನೊಂದು ಕಡೆ ಕೆರೆ ಒಣಗುತ್ತದೆ. ಡ್ರೋನ್ ಕೊಡುವ ಎತ್ತರದ ನಕ್ಷೆಯಲ್ಲಿ ಬೇಸಿಗೆಯಲ್ಲಿ ಒಣಗಿ ಕಾಣದಂತಿರುವ ಹಳ್ಳದ ಜಾಡೂ ಕಾಣುತ್ತದೆ. ದಿಬ್ಬ ಏಳುವ ಮುಂಚೆ ಆ ಜಾಡುಗಳನ್ನೂ ಮೋರಿಗಳ ಜಾಗವನ್ನೂ ಒಂದರ ಮೇಲೊಂದಿಟ್ಟು ನೋಡಬೇಕು. ಆ ಊರಿನ ನೀರುಗಂಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಕು. ದಿಬ್ಬಕ್ಕೆ ಮಣ್ಣು ಎಲ್ಲಿಂದ ತೆಗೆದರು, ಎಷ್ಟು ತೆಗೆದರು ಎಂಬುದೂ ಅದೇ ಚಿತ್ರಗಳಲ್ಲಿ ಉಳಿಯುತ್ತದೆ.

ಮೇಲಿನಿಂದ ಕಾಣದ್ದು ಬಹಳವಿದೆ. ಕಾಂಕ್ರೀಟಿನ ಗಟ್ಟಿತನ ಕ್ಯಾಮೆರಾಕ್ಕೆ ಕಾಣದು. ಅದಕ್ಕೆ ಅಚ್ಚಿಗೆ ತುಂಬಿದ ಘನಗಳನ್ನು ಏಳನೇ ದಿನ, ಇಪ್ಪತ್ತೆಂಟನೇ ದಿನ ಒಡೆದು ನೋಡಲೇಬೇಕು. ಏರಿಯ ಮಣ್ಣನ್ನು ಪದರ ಪದರವಾಗಿ, ತಕ್ಕಷ್ಟು ತೇವದಲ್ಲಿ ರೋಲರ್ ಹೊಡೆದು ದಮ್ಮಸ್ಸು ಮಾಡಿದರೇ ಎಂಬುದು ಕಾಣದು. ಏರಿ ಮೇಲಿನಿಂದ ನುಣ್ಣಗೆ, ಸರಳರೇಖೆಯ ಹಾಗೆ ಕಂಡು, ಒಳಗೆ ಸಡಿಲವಾಗಿದ್ದರೆ ಮೊದಲ ಜೋರು ಮಳೆಗೇ ಕಿತ್ತು ಹೋಗುತ್ತದೆ. ಏರಿಯ ಹಿಂಬದಿಯ ಬುಡದಲ್ಲಿ ಬೇಸಿಗೆಯಲ್ಲೂ ಹಸಿರಾಗಿ ನಿಂತ ಹುಲ್ಲಿನ ಪಟ್ಟೆಯನ್ನು ಡ್ರೋನ್ ತೋರಿಸುತ್ತದೆ, ಶಾಖ ಗುರುತಿಸುವ ಕ್ಯಾಮೆರಾ ಇದ್ದರೆ ಜಿನುಗುವ ಜಾಗವನ್ನೂ ತೋರಿಸೀತು. ಆಮೇಲೆ ಅಲ್ಲಿಗೆ ಒಬ್ಬ ಮನುಷ್ಯ ನಡೆದು ಹೋಗಿ, ಕೂತು, ಬರುವ ನೀರು ತಿಳಿಯಾಗಿದೆಯೋ ಮಣ್ಣು ಬೆರೆತಿದೆಯೋ ಎಂದು ಅಂಗೈಯಲ್ಲಿ ಹಿಡಿದು ನೋಡಬೇಕು. ಮಣ್ಣು ಬೆರೆತಿದ್ದರೆ ಅವತ್ತು ರಾತ್ರಿ ಯಾರೂ ಮಲಗುವಂತಿಲ್ಲ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯಲ್ಲಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯಿತು. ನಮ್ಮ ಕುಮುದ್ವತಿ, ವರದೆಯರ ನೀರೂ ಕೂಡುವ ಅಣೆಕಟ್ಟೆ ಅದು. ಆ ವಾರ ನಾವೆಲ್ಲ ಉಸಿರು ಬಿಗಿಹಿಡಿದು ಸುದ್ದಿ ಕೇಳಿದೆವು. ಅಂಥ ಎತ್ತರದ ಗೇಟು, ಚೈನು, ತೊಲೆಗಳ ಬಳಿಗೆ ಹಗ್ಗ ಕಟ್ಟಿ ಮನುಷ್ಯನನ್ನು ಇಳಿಸುವ ಬದಲು ಡ್ರೋನ್ ಕಳಿಸಿ ಪ್ರತಿ ಕೊಂಡಿಯ ಫೋಟೋ ತೆಗೆಯಬಹುದು. ತುಕ್ಕು, ಬಿರುಕು ಎಲ್ಲಿ ಎಂದು ಗೊತ್ತಾಗುತ್ತದೆ. ಆದರೆ ತುಕ್ಕಿನ ಒಳಗೆ ಉಳಿದ ಕಬ್ಬಿಣ ಎಷ್ಟು ದಪ್ಪ ಎನ್ನಲು ಮುಟ್ಟಿ ಅಳೆಯುವ ಉಪಕರಣ ಬೇಕು, ಅದನ್ನು ಹಿಡಿಯುವ ಅನುಭವದ ಕೈ ಬೇಕು. ಎಲ್ಲಿ ಮುಟ್ಟಬೇಕು ಎಂದು ತೋರಿಸುವಷ್ಟಕ್ಕೆ ಡ್ರೋನ್.

ಇನ್ನು ನನ್ನ ಮನಸ್ಸಿಗೆ ಬಹಳ ಹತ್ತಿರದ ಮಾತು. ಡ್ರೋನ್ ಮಣ್ಣನ್ನು ಅಳೆಯಲಿ, ಕೆಲಸ ಮಾಡುವವರನ್ನು ಕಾಯುವುದು ಬೇಡ. ಉದ್ಯೋಗ ಖಾತರಿ ಕೆಲಸದಲ್ಲಿ 2023ರ ಜನವರಿ 1ರಿಂದ ದಿನಕ್ಕೆರಡು ಬಾರಿ ಮೊಬೈಲ್ ಹಾಜರಾತಿ ಫೋಟೋ ಕಡ್ಡಾಯವಾಗಿ, ನೆಟ್‌ವರ್ಕ್ ಸಿಗದ ಊರುಗಳಲ್ಲಿ ಹಾಜರಾತಿ ಹಿಡಿಯುವ ಕಾಯಕಬಂಧುಗಳು ಪಟ್ಟ ಪಾಡು ನಿಮಗೆ ಗೊತ್ತು. ಅದು ಸಾಲದೆಂದು ತಲೆಯ ಮೇಲೊಂದು ಕಣ್ಣು ಗುಂಯ್‌ಗುಡುತ್ತ ಸುತ್ತಿದರೆ ಹೆಂಗಸರು ಸೆರಗು ಸರಿಮಾಡಿಕೊಂಡು ನೀರು ಕುಡಿಯಲೂ ಹಿಂಜರಿಯುತ್ತಾರೆ. ಮೇ ತಿಂಗಳ ಬಿಸಿಲಿನಲ್ಲಿ ಕೂಸಿಗೆ ಹಾಲೂಡಲು ಮರದಡಿ ಕೂತವಳನ್ನು ಕೆಲಸಗಳ್ಳಿ ಎಂದು ಚಿತ್ರ ಹೇಳಬಾರದು. ನನ್ನನ್ನು ಕೇಳಿದರೆ ಹಾರಾಟ ಜನ ಅಂಗಳ ಬಿಟ್ಟ ಮೇಲೆ, ಮಧ್ಯಾಹ್ನ ಆಗಲಿ. ಅಳತೆಗೂ ಅದೇ ಒಳ್ಳೆಯದು, ಸೂರ್ಯ ನೆತ್ತಿಯಲ್ಲಿದ್ದಾಗ ನೆರಳು ಕಡಿಮೆ. ತಪಾಸಣೆ ಮಾಡಲೇಬೇಕೆಂದರೆ ಇನ್ನೊಂದನ್ನು ಮಾಡಿ: ಕಾನೂನು ಹೇಳುವ ನೆರಳಿನ ಚಪ್ಪರ ಅಲ್ಲಿ ಇದೆಯೇ, ಕುಡಿಯುವ ನೀರು ಇಟ್ಟಿದ್ದಾರೆಯೇ ಎಂದು ಮೇಲಿನಿಂದ ನೋಡಿ ವರದಿಯಲ್ಲಿ ಬರೆಯಿರಿ.

ಬಳ್ಳಿಗಾವಿಯ ಅಲ್ಲಮಪ್ರಭು ಸೊನ್ನಲಿಗೆಗೆ ಹೋದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ಕಟ್ಟಿಸುತ್ತಿದ್ದಾನೆ. ಅಲ್ಲಮ ಆ ಕೆಲಸದ ಜಾಗಕ್ಕೇ ಬಂದು ಸಿದ್ಧರಾಮನನ್ನು ಹಗುರವಾಗಿ ಹೆಸರಿಸಿ ಕೇಳುತ್ತಾನೆ, ಮಣ್ಣು ಹೊರುತ್ತಿದ್ದವರು ಸಿಟ್ಟಿಗೆದ್ದು ಕಲ್ಲೆತ್ತಿಕೊಳ್ಳುತ್ತಾರೆ. ಅಧ್ಯಾತ್ಮದ ಅರ್ಥವನ್ನು ಬಲ್ಲವರು ಬಿಡಿಸಿ ಹೇಳಿದ್ದಾರೆ. ನಾನು ಅದರಲ್ಲಿ ಇನ್ನೊಂದನ್ನು ಕಾಣುತ್ತೇನೆ. ಬೆವರು ಸುರಿಸುವವರ ನಡುವೆ ನೋಡಲೆಂದು ಹೊರಗಿನವನು ಬಂದಾಗ ಅವನು ಆಡುವ ಮೊದಲ ಮಾತು ಹೇಗಿರುತ್ತದೆಂಬುದು ದೊಡ್ಡದು. ಡ್ರೋನ್ ತಂದು ಪೆಟ್ಟಿಗೆ ಬಿಚ್ಚುವ ಹುಡುಗರು ಮೊದಲು ಜನರ ಹತ್ತಿರ ಹೋಗಿ, ಇದು ಏನು, ಏಕೆ, ಇದರಿಂದ ನಿಮಗೇನು ಎಂದು ಹೇಳಬೇಕು.

ಕಾನೂನಿನ ಮಾತು ಚುಟುಕಾಗಿ. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳಂತೆ ಯಂತ್ರವನ್ನು ನೋಂದಾಯಿಸಿ ಸಂಖ್ಯೆ ಪಡೆಯಬೇಕು. ಕಾಮಗಾರಿ ಅಳತೆಗೆ ಬಳಸುವಂಥ ಡ್ರೋನ್ ಹಾರಿಸುವವರು ಹದಿನೆಂಟು ತುಂಬಿ, ಹತ್ತನೇ ತರಗತಿ ಪಾಸಾಗಿ, ತರಬೇತಿ ಪಡೆದು ಪ್ರ‌ಮಾಣಪತ್ರ ಹೊಂದಿರಬೇಕು. ಹಸಿರು ವಲಯದಲ್ಲಿ ನಾನೂರು ಅಡಿಯವರೆಗೆ ಬೇರೆ ಅನುಮತಿ ಬೇಡ, ಆದರೆ ಸೋಗಾನೆಯ ವಿಮಾನ ನಿಲ್ದಾಣದ ಆಸುಪಾಸಿನವರು ನಕ್ಷೆ ನೋಡದೆ ಹಾರಿಸುವಂತಿಲ್ಲ. ಹತ್ತನೇ ತರಗತಿ ಸಾಕು ಎಂಬುದನ್ನು ನಮ್ಮ ಹುಡುಗ ಹುಡುಗಿಯರು ಗಮನಿಸಬೇಕು. ಶಿರಾಳಕೊಪ್ಪದವಳೋ ಆನವಟ್ಟಿಯವನೋ ಈ ಕೆಲಸ ಕಲಿತರೆ ಬೆಂಗಳೂರಿನಿಂದ ಕಾರಿನಲ್ಲಿ ಯಂತ್ರ ಬರುವುದನ್ನು ಕಾಯಬೇಕಾಗಿಲ್ಲ, ಮಳೆ ಬರುವ ಮುಂಚೆ ಅಳತೆ ಮುಗಿಯುತ್ತದೆ.

ಚಿತ್ರ ಆದ ಮೇಲೆ ಅದು ಎಲ್ಲಿರಬೇಕು? ತಾಳಗುಂದದ ಕಂಬದ ಮಾತಿಗೆ ಮತ್ತೆ ಬರುತ್ತೇನೆ ಎಂದೆನಲ್ಲ. ಮೊದಲಿನ ನೆಲ, ಆಮೇಲಿನ ನೆಲ, ನಡುವಿನ ವ್ಯತ್ಯಾಸ, ಈ ಮೂರು ಹಾಳೆ ದೊಡ್ಡದಾಗಿ ಮುದ್ರಿಸಿ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ಬಿಡಿಸಿಡಬೇಕು. ಘನ ಮೀಟರ್ ಜೊತೆಗೆ ಇಷ್ಟು ಟ್ರೇಲರ್ ಎಂದೂ ಬರೆಯಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಗುಪ್ತಪದದ ಹಿಂದೆ ಕೂತ ಚಿತ್ರದಿಂದ ಕೆರೆ ಅಗೆದವರಿಗೆ ಏನೂ ಬರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಪರಿಚಯದ ಹುಡುಗನೊಬ್ಬ ಶಿಕಾರಿಪುರ ಕಡೆಯ ಒಂದು ಕೆರೆಯಲ್ಲಿ ಇಂಥದೇ ಅಳತೆಗೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ಮೊದಲ ಹಾರಾಟ ಅವನು ಏಪ್ರಿಲಿನಲ್ಲೇ ಮಾಡಿಟ್ಟಿದ್ದ. ಅವತ್ತಿನದು ಎರಡನೆಯದು. ಒಂದು ಹದ್ದು ಡ್ರೋನಿನ ಹಿಂದೆ ಬಿದ್ದು ಎರಡು ಸುತ್ತು ಅಟ್ಟಿಸಿಕೊಂಡು ಹೋಯಿತು. ಹುಡುಗ ಕೆಳಗಿಳಿಸಿ, ಕಾದು, ಮತ್ತೆ ಬಿಟ್ಟ. ಸಂಜೆಗೆ ಲೆಕ್ಕ ಬಂತು. ಟ್ರ್ಯಾಕ್ಟರ್ ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದ. ಅಗೆದ ಕಡೆ ನೀಲಿ, ಮುಟ್ಟದ ಕಡೆ ಹಸಿರು. ಕೆಲಸದವರೆಲ್ಲ ಸುತ್ತ ನೆರೆದರು. ಹಣೆಯ ಬೆವರು ಒರೆಸುತ್ತ ಒಬ್ಬ ಅಜ್ಜಿ ಮುಂದೆ ಬಂದು ಪರದೆಯ ಮೇಲೆ ಬೆರಳಿಟ್ಟರು.

"ತಮ್ಮಾ, ತೂಬಿನ ಬಲಗಡೆ ಇದು ನಮ್ಮ ಗುಂಪಿಂದು. ಎಷ್ಟು ಆಳ ಐತೆ ಹೇಳು."

ಅವನು ಆ ಜಾಗ ಒತ್ತಿ ನೋಡಿ, "ಒಂದು ಮೀಟರ್ ಹತ್ತು ಸೆಂಟಿಮೀಟರ್, ಅಜ್ಜೀ" ಎಂದ.

ಅಜ್ಜಿ ಎದೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದರು, ಇಷ್ಟಾ ಎಂಬಂತೆ. ಅವನು ಅವರ ಕೈಯನ್ನು ಒಂದಿಷ್ಟು ಕೆಳಗೆ ಇಳಿಸಿ ನಿಲ್ಲಿಸಿದ. ಅಜ್ಜಿ ಕೈ ಅಲ್ಲಿಯೇ ಹಿಡಿದುಕೊಂಡು ಹಿಂದೆ ತಿರುಗಿ ತಮ್ಮ ಗುಂಪಿನವರನ್ನು ಕೂಗಿದರು. "ನೋಡ್ರೇ, ಇಷ್ಟು ತೆಗ್ದೀವಿ. ಬರ್ಕೊಂಡಾರೆ."